ನಿಮಿಷಕ್ಕೆ ಇಪ್ಪತ್ತನಾಲ್ಕು

ನಾಯಿಗೆ ಹಾರ್ಟ್ ಪ್ರಾಬ್ಲಂ ಅಂದರೆ ಜನ ಮೊದಲು ನಗ್ತಾರೆ. ಆಫೀಸಿನಿಂದ ಯಾಕೆ ಇಷ್ಟು ಬೇಗ ಹೊರಟೆ ಅಂತ ಕೇಳಿದವರಿಗೆ "ನಾಯಿಗೆ ಮಾತ್ರೆ ಟೈಮು" ಅಂದರೆ ಸಾಕು, "ಏನು, ಬೀಪಿನಾ ಶುಗರ್ರಾ?" ಅಂತ ಶುರುವಾಗುತ್ತೆ. ನಾನೂ ನಗ್ತೀನಿ. ಎಂಟು ಕೆಜಿ ತೂಕದ ಒಂದು ಬಿಳಿ ಪ್ರಾಣಿಗೋಸ್ಕರ ಮನೇಲಿ ನಾಲ್ಕು ಬಗೆಯ ಮಾತ್ರೆ, ಮಾತ್ರೆ ಕತ್ತರಿಸೋಕೆ ಒಂದು ಪುಟ್ಟ ಕಟ್ಟರ್, ಮೊಬೈಲಿನಲ್ಲಿ ಸಾಲಾಗಿ ಅಲಾರಂ. ಹೊರಗಿನಿಂದ ನೋಡಿದರೆ ತಮಾಷೆಯಾಗೇ ಇದೆ.

ಆದರೆ ಇದನ್ನ ಓದ್ತಿರೋ ನಿಮ್ಮಲ್ಲಿ ಕೆಲವರ ಮನೆ ಸೋಫಾ ಮೇಲೆ ಈಗಲೂ ಒಂಬತ್ತು ಹತ್ತು ವರ್ಷದ ಸಣ್ಣ ನಾಯಿಯೊಂದು ಮಲಗಿರುತ್ತೆ. ಈ ಸಲದ ಬರಹ ಅವರಿಗೆ. ಉಳಿದವರು ಸುಮ್ಮನೆ ಜೊತೆಗೆ ಕೂತ್ಕೊಳ್ಳಿ.

ನಮ್ಮ ನಾಯಿಯ ಹೆಸರು ಬೆಣ್ಣೆ. ಬಣ್ಣ ನೋಡಿ ಇಟ್ಟಿದ್ದು ಅನ್ಕೋಬೇಡಿ. ಅಪ್ಪ ದಾವಣಗೆರೆಯವರು, ಅವರಿಗೆ ಬೆಣ್ಣೆಗಿಂತ ಪ್ರೀತಿಯ ಶಬ್ದ ಇನ್ನೊಂದಿಲ್ಲ. ಪೊಮೆರೇನಿಯನ್ ಅಂತ ಹೇಳಿ ಕೊಟ್ಟರು. ನಮ್ಮ ಬೀದಿಗಳಲ್ಲಿ ಪಾಮ್, ಪಾಮಿ ಅಂತ ಕರೆಸಿಕೊಳ್ಳೋ ಬಹುತೇಕ ನಾಯಿಗಳ ಹಾಗೆ ಇವಳೂ ಇಂಡಿಯನ್ ಸ್ಪಿಟ್ಜ್. ಜಾತಿ ಯಾವುದಾದರೇನು, ಡೆಲಿವರಿ ಹುಡುಗರನ್ನ ಕಂಡರೆ ಮಾತ್ರ ಆಗಲ್ಲ. ನನಗೆ ಬೆಣ್ಣೆ "ಅವಳು". ಅಪ್ಪನಿಗೆ ಇವತ್ತಿಗೂ "ಅದು". ಆದರೆ ಮೊಸರನ್ನದಲ್ಲಿ ಮೊದಲ ತುತ್ತು ಮಾತ್ರ ಅದಕ್ಕೇ.

ಎರಡೂವರೆ ವರ್ಷದ ಹಿಂದೆ, ಬೆಣ್ಣೆಗೆ ಒಂಬತ್ತು ತುಂಬಿದಾಗ, ಹಲ್ಲು ಕ್ಲೀನ್ ಮಾಡಿಸೋಣ ಅಂತ ಕರ್ಕೊಂಡು ಹೋದೆ. ಅನಸ್ತೇಶಿಯಾ ಕೊಡೋ ಮುಂಚೆ ಡಾಕ್ಟ್ರು ಸ್ಟೆತಾಸ್ಕೋಪ್ ಇಟ್ಟರು. ಇಟ್ಟವರು ತೆಗೀಲೇ ಇಲ್ಲ. ಆ ಅರ್ಧ ನಿಮಿಷದ ಮೌನ ನಾಯಿ ಸಾಕಿದವರಿಗೆ ಗೊತ್ತು. "ಮರ್ಮರ್ ಇದೆ, ಗ್ರೇಡ್ ನಾಲ್ಕು" ಅಂದರು. ಆರರಲ್ಲಿ ನಾಲ್ಕು. ಹಲ್ಲಿನ ವಿಷಯ ಅಲ್ಲಿಗೇ ಮುಗೀತು.

ಸಣ್ಣ ತಳಿಯ ನಾಯಿಗಳಿಗೆ ವಯಸ್ಸಾದಂತೆ ಬರೋ ಹೃದಯದ ಕಾಯಿಲೆ ಹೆಚ್ಚಾಗಿ ಒಂದೇ. ನಮ್ಮ ಹಾಗೆ ಕೊಬ್ಬು ಕಟ್ಟಿ ರಕ್ತನಾಳ ಬ್ಲಾಕ್ ಆಗೋದು ನಾಯಿಗಳಲ್ಲಿ ಅಪರೂಪ. ಅವಕ್ಕೆ ಹಾಳಾಗೋದು ಬಾಗಿಲು. ಹೃದಯದ ಎಡಗಡೆ ಮೇಲಿನ ಕೋಣೆಗೆ ಶ್ವಾಸಕೋಶದಿಂದ ರಕ್ತ ಬರುತ್ತೆ, ಕೆಳಗಿನ ಕೋಣೆ ಅದನ್ನ ಇಡೀ ಮೈಗೆ ತಳ್ಳುತ್ತೆ. ನಡುವೆ ಇರೋ ಬಾಗಿಲು ಮೈಟ್ರಲ್ ವಾಲ್ವ್. ದಾವಣಗೆರೆಯ ನಮ್ಮ ಹಳೇ ಮನೆಯ ಬಚ್ಚಲಿಗೆ ಮರದ ಬಾಗಿಲಿತ್ತು. ವರ್ಷಗಟ್ಟಲೆ ನೀರು ಕುಡಿದು ಊದಿಕೊಂಡು ಚೌಕಟ್ಟಿಗೆ ಕೂರ್ತಾನೇ ಇರಲಿಲ್ಲ. ಹಾಗೇ ಈ ವಾಲ್ವು ದಪ್ಪಗಾಗಿ, ಗಂಟುಗಂಟಾಗಿ, ಪೂರ್ತಿ ಮುಚ್ಚಿಕೊಳ್ಳೋದನ್ನ ಬಿಡುತ್ತೆ. ಪ್ರತಿ ಬಡಿತಕ್ಕೂ ಒಂದಷ್ಟು ರಕ್ತ ಹಿಂದಕ್ಕೆ ನುಗ್ಗುತ್ತೆ. ಆ ನುಗ್ಗುವ ಸದ್ದೇ ಮರ್ಮರ್. ಹಿಂದೆ ಬಂದ ರಕ್ತಕ್ಕೆ ಜಾಗ ಮಾಡ್ತಾ ಮಾಡ್ತಾ ಹೃದಯ ದೊಡ್ಡದಾಗುತ್ತೆ. ಕೊನೆಗೆ ಒತ್ತಡ ಶ್ವಾಸಕೋಶದವರೆಗೆ ಹೋಗಿ, ಅಲ್ಲಿ ನೀರು ಒಸರೋಕೆ ಶುರುವಾಗುತ್ತೆ. ಅದೇ ಹಾರ್ಟ್ ಫೇಲ್ಯೂರ್. ಹೆಸರು ಕೇಳಿದರೆ ಹೃದಯ ನಿಂತೇಹೋಯ್ತು ಅನಿಸುತ್ತೆ, ಆದರೆ ನಿಂತಿರಲ್ಲ. ಕೆಲಸಕ್ಕೆ ಸಾಲದಾಗಿರುತ್ತೆ ಅಷ್ಟೇ. ಕವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಅನ್ನೋ ಉದ್ದ ಕಿವಿಯ ಇಂಗ್ಲಿಷ್ ನಾಯಿಗಳಲ್ಲಿ ಇದು ಚಿಕ್ಕ ವಯಸ್ಸಿಗೇ ಬರುತ್ತೆ. ಡಾಬರ್‌ಮ್ಯಾನ್ ಥರದ ದೊಡ್ಡ ನಾಯಿಗಳ ಕಥೆ ಬೇರೆ, ಅಲ್ಲಿ ಸೋಲೋದು ಹೃದಯದ ಸ್ನಾಯು.

ಎಕ್ಸ್‌ರೇ ಮಾಡಿಸಿದ್ವಿ, ಎಕೋ ಮಾಡಿಸಿದ್ವಿ. ಎಕ್ಸ್‌ರೇಯಲ್ಲಿ ನಾಯಿಯ ಹೃದಯ ಅಳೆಯೋ ರೀತಿ ನನಗೆ ಬಹಳ ಇಷ್ಟವಾಯ್ತು. ಸೆಂಟಿಮೀಟರ್ ಅಲ್ಲ, ಅದೇ ನಾಯಿಯ ಬೆನ್ನುಮೂಳೆಯ ಮಣಿಗಳ ಲೆಕ್ಕದಲ್ಲಿ. ಹೃದಯದ ಉದ್ದ ಎಷ್ಟು ಮಣಿ, ಅಗಲ ಎಷ್ಟು ಮಣಿ, ಕೂಡಿಸಿ. ಚಿವಾವಾ ಆದರೂ ಸರಿ, ಗ್ರೇಟ್ ಡೇನ್ ಆದರೂ ಸರಿ, ಅಳತೆಗೋಲು ಅದರ ಮೈಯೊಳಗೇ ಇದೆ. ಜೇಮ್ಸ್ ಬುಕಾನನ್ ಅನ್ನೋ ಅಮೆರಿಕದ ಪಶುವೈದ್ಯರು 1995ರಲ್ಲಿ ಪ್ರಕಟಿಸಿದ ವಿಧಾನ. ಹತ್ತೂವರೆ ದಾಟಿದರೆ ದೊಡ್ಡದು ಅಂತ ಲೆಕ್ಕ. ಬೆಣ್ಣೆಯದು 11.2.

ಡಾಕ್ಟ್ರ ಭಾಷೆಯಲ್ಲಿ ಇದು ಬಿ2 ಹಂತ. ಎ ಅಂದರೆ ಕಾಯಿಲೆ ಬರಬಹುದಾದ ತಳಿ. ಬಿ1 ಅಂದರೆ ಮರ್ಮರ್ ಇದೆ, ಹೃದಯ ದೊಡ್ಡದಾಗಿಲ್ಲ. ಬಿ2 ಅಂದರೆ ದೊಡ್ಡದಾಗಿದೆ, ಆದರೆ ನಾಯಿಗೆ ಏನೂ ತೊಂದರೆ ಇಲ್ಲ. ಸಿ ಅಂದರೆ ಫೇಲ್ಯೂರ್ ಆಗಿದೆ. ಡಿ ಅಂದರೆ ಸಾಮಾನ್ಯ ಮಾತ್ರೆಗಳು ಸಾಲ್ತಿಲ್ಲ. ಬಿ1ರಲ್ಲಿ ಮಾತ್ರೆ ಬೇಡ, ಆಗಾಗ ನೋಡ್ಕೊಂಡಿದ್ದರೆ ಸಾಕು. ತಕರಾರು ಬರೋದೇ ಬಿ2ರಲ್ಲಿ.

ಯಾಕಂದ್ರೆ ಬಿ2 ನಾಯಿ ಆರಾಮಾಗಿರುತ್ತೆ. ಬೆಣ್ಣೆ ಅವತ್ತು ಕ್ಲಿನಿಕ್ಕಿನಿಂದ ಬಂದವಳೇ ಅಪ್ಪನ ಚಪ್ಪಲಿ ಎತ್ಕೊಂಡು ಮಂಚದ ಕೆಳಗೆ ಓಡಿದಳು. "ಇದಕ್ಕೆ ಹಾರ್ಟ್ ಕಾಯಿಲೆನಾ? ಚೆನ್ನಾಗಿರೋ ನಾಯಿಗೆ ಯಾಕೋ ಜೀವಮಾನ ಪೂರ್ತಿ ಮಾತ್ರೆ?" ಅಂದರು ಅಪ್ಪ. ಸರಿಯಾದ ಪ್ರಶ್ನೆಯೇ. ಈಚಿನವರೆಗೆ ಪಶುವೈದ್ಯರ ಹತ್ತಿರವೂ ಅದಕ್ಕೆ ಉತ್ತರ ಇರಲಿಲ್ಲ. ಸ್ಕ್ಯಾಂಡಿನೇವಿಯಾದಲ್ಲಿ ಕವಲಿಯರ್ ನಾಯಿಗಳಿಗೆ ಎನಲಾಪ್ರಿಲ್ ಮೊದಲೇ ಕೊಟ್ಟು ನೋಡಿದ್ದರು, 2002ರಲ್ಲಿ ಫಲಿತಾಂಶ ಬಂತು: ಫೇಲ್ಯೂರ್ ಮುಂದಕ್ಕೆ ಹೋಗಲಿಲ್ಲ. ಹಾಗಾಗಿ ನೀರು ತುಂಬೋವರೆಗೆ ಕಾಯೋದು, ತುಂಬಿದ ಮೇಲೆ ಮಾತ್ರೆ. ಅಷ್ಟೇ ದಾರಿ.

2016ರಲ್ಲಿ ಬಂದ ಎಪಿಕ್ ಅನ್ನೋ ಅಧ್ಯಯನ ಇದನ್ನ ಬದಲಾಯಿಸ್ತು. 11 ದೇಶ, 360 ನಾಯಿ, ಎಲ್ಲವೂ ಬೆಣ್ಣೆಯ ಥರ: ಜೋರು ಮರ್ಮರ್, ದೊಡ್ಡ ಹೃದಯ, ತೊಂದರೆ ಏನೂ ಇಲ್ಲ. ಅರ್ಧಕ್ಕೆ ಪಿಮೊಬೆಂಡನ್, ಅರ್ಧಕ್ಕೆ ಬರೀ ಹುಸಿ ಮಾತ್ರೆ. ಹುಸಿ ಮಾತ್ರೆಯ ಗುಂಪಿನಲ್ಲಿ ಫೇಲ್ಯೂರ್ ಅಥವಾ ಹೃದಯದ ಕಾರಣಕ್ಕೆ ಸಾವು ಬರೋಕೆ ಮಧ್ಯಮ ಲೆಕ್ಕದಲ್ಲಿ 766 ದಿನ. ಪಿಮೊಬೆಂಡನ್ ಗುಂಪಿನಲ್ಲಿ 1,228 ದಿನ. ಅಂದರೆ ಹೆಚ್ಚುಕಡಿಮೆ 15 ತಿಂಗಳ ವ್ಯತ್ಯಾಸ. ಅನುಕೂಲ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನ ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಹದಿನೈದು ತಿಂಗಳು ಅಂದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಯಿಗೆ ಹದಿನೈದು ತಿಂಗಳು ಅಂದ್ರೆ ನಮಗೆ ಎಷ್ಟೋ?" ಅಂದರು. ನಾನು ಲೆಕ್ಕ ಹಾಕೋಕೆ ಹೋಗಲಿಲ್ಲ. ಮಾರನೇ ದಿನ ಮಾತ್ರೆ ತಂದೆ.

ಪಿಮೊಬೆಂಡನ್ ಮಾಡೋದು ಎರಡು ಕೆಲಸ. ಹೃದಯದ ಸ್ನಾಯು ತನ್ನಲ್ಲಿರೋ ಕ್ಯಾಲ್ಸಿಯಂ ಅನ್ನೇ ಚೆನ್ನಾಗಿ ಬಳಸ್ಕೊಂಡು ಗಟ್ಟಿಯಾಗಿ ಹಿಂಡೋ ಹಾಗೆ ಮಾಡುತ್ತೆ. ಜೊತೆಗೆ ರಕ್ತನಾಳಗಳನ್ನ ಹಿಗ್ಗಿಸುತ್ತೆ. ಮುಂದಿನ ದಾರಿ ಸಲೀಸಾದರೆ ಹಿಂದಕ್ಕೆ ನುಗ್ಗೋದು ಕಡಿಮೆ. ವಾಲ್ವು ಮಾತ್ರ ರಿಪೇರಿ ಆಗಲ್ಲ. ಬಾಗಿಲು ಹಾಳಾಗ್ತಾನೇ ಇರುತ್ತೆ, ಮನೆಯೊಳಗೆ ನೀರು ಬರೋದು ನಿಧಾನ ಆಗುತ್ತೆ. ದಿನಕ್ಕೆ ಎರಡು ಸಲ, 12 ಗಂಟೆ ಅಂತರದಲ್ಲಿ, ಊಟಕ್ಕೆ ಒಂದು ಗಂಟೆ ಮುಂಚೆ. ಖಾಲಿ ಹೊಟ್ಟೇಲಿ ಕೊಟ್ಟರೇ ಮೈಗೆ ಸರಿಯಾಗಿ ಹತ್ತೋದು. ಬೆಳಗ್ಗೆ ಏಳು, ರಾತ್ರಿ ಏಳು. ನನ್ನ ಟೀಮಿನ ಸ್ಟ್ಯಾಂಡಪ್ ಮೀಟಿಂಗ್ ಎಷ್ಟೋ ಸಲ ಮುಂದಕ್ಕೆ ಹೋಗಿದೆ, ಏಳು ಗಂಟೆ ಹೋಗಿಲ್ಲ.

ಇಲ್ಲಿ ಅಪ್ಪನ ವಿಷಯ ಹೇಳಲೇಬೇಕು. ಅವರಿಗೆ ಬೈಪಾಸ್ ಆಗಿ ಎಂಟು ವರ್ಷ. ನಾಲ್ಕು ವರ್ಷದಿಂದ ಹಾರ್ಟ್ ಫೇಲ್ಯೂರ್‌ಗೆ ಮಾತ್ರೆ ತಗೋತಿದಾರೆ. ಡಬ್ಬಿಯಲ್ಲಿ ಸೋಮ, ಮಂಗಳ ಅಂತ ಖಾನೆ. ಬೆಣ್ಣೆಯ ಮಾತ್ರೆ ಬಂದ ದಿನ ಅವರೇ ಅಂಗಡಿಗೆ ಹೋಗಿ ಅಂಥದ್ದೇ ಇನ್ನೊಂದು ಡಬ್ಬಿ ತಂದರು. "ಇದರ ಮಾತ್ರೆ ಅಷ್ಟು ಚೆನ್ನಾಗಿದ್ರೆ ನನಗೂ ಕೊಡ್ಸು" ಅಂತ ಒಂದು ಸಲ ಅವರ ಕಾರ್ಡಿಯಾಲಜಿಸ್ಟ್ ಎದುರೇ ಹೇಳಿದರು. ಡಾಕ್ಟ್ರು ನಗ್ತಾ ಬೇಡ ಅಂದರು. ಮನುಷ್ಯರಿಗೆ ಪಿಮೊಬೆಂಡನ್ ಬಳಕೆಗೆ ಬಂದಿದ್ದು ಜಪಾನಿನಲ್ಲಿ. ಇದರ ಹತ್ತಿರದ ಸಂಬಂಧಿ ಮಿಲ್ರಿನೋನ್ ಮಾತ್ರೆಯನ್ನ ಹಾರ್ಟ್ ಫೇಲ್ಯೂರ್ ಆದ ಮನುಷ್ಯರಿಗೆ ಕೊಟ್ಟ ಪ್ರಯೋಗವೊಂದರಲ್ಲಿ, ಮಾತ್ರೆ ತಗೊಂಡವರಲ್ಲೇ ಸಾವು ಹೆಚ್ಚಾಗಿತ್ತು. ಅದು 1991ರ ಮಾತು. ಹೃದಯವನ್ನ ಜೋರಾಗಿ ದುಡಿಸೋ ಔಷಧಗಳ ಬಗ್ಗೆ ಆಮೇಲೆ ಎಲ್ಲರಿಗೂ ಭಯ. ನಾಯಿಯ ಹಾಳಾದ ವಾಲ್ವಿಗೆ ಒಗ್ಗಿದ್ದು ಅಪ್ಪನ ಹೃದಯಕ್ಕೆ ಒಗ್ಗಬೇಕು ಅಂತೇನಿಲ್ಲ. ಅಪ್ಪ ಇದನ್ನ ವೈಯಕ್ತಿಕವಾಗಿ ತಗೊಂಡರು. "ನಾಯಿಗಿರೋ ಅದೃಷ್ಟ" ಅಂತ ಆಟೋದಲ್ಲಿ ಗೊಣಗಿದರು.

ಆಮೇಲೆ 20 ತಿಂಗಳು ಏನೂ ಆಗಲಿಲ್ಲ.

ಈ ವಾಕ್ಯ ಬರೆಯೋಕೆ ಸುಲಭ, ಬದುಕೋಕೆ ವಿಚಿತ್ರ. ನನ್ನ ಜಿಮ್ ಫೀಸಿಗಿಂತ ಜಾಸ್ತಿ ದುಡ್ಡು ಪ್ರತಿ ತಿಂಗಳು ಹೋಗ್ತಿದೆ, ಕೈಗೆ ಸಿಗ್ತಿರೋದು "ಏನೂ ಆಗದೇ ಇರೋದು". ನೋವಿನ ಮಾತ್ರೆ ಆದರೆ ನೋವು ಹೋಯ್ತು ಅಂತ ಗೊತ್ತಾಗುತ್ತೆ. ಇದರಲ್ಲಿ ಹಾಗಿಲ್ಲ. ಮಾತ್ರೆಯಿಂದ ಚೆನ್ನಾಗಿದಾಳಾ, ಮಾತ್ರೆ ಇಲ್ಲದೇ ಇದ್ದರೂ ಹೀಗೇ ಇರ್ತಿದ್ದಳಾ? 360 ನಾಯಿಗಳಿದ್ದರೆ ಉತ್ತರ ಸಿಗುತ್ತೆ, ನಮ್ಮ ಮನೇಲಿರೋದು ಒಂದು. ಮಾತ್ರೆ ತಗೊಳ್ಳದ ಇನ್ನೊಬ್ಬ ಬೆಣ್ಣೆ ಎಲ್ಲೂ ಇಲ್ಲ. ಸರಾಸರಿಯನ್ನ ನಂಬಿ ಏಳು ಗಂಟೆಗೆ ಮನೆ ಸೇರೋದು, ಅಷ್ಟೇ ನನ್ನ ಪಾಲಿನ ವಿಜ್ಞಾನ.

ಆ ಅವಧಿಯಲ್ಲಿ ಡಾಕ್ಟ್ರು ಕೊಟ್ಟ ಮನೆಗೆಲಸ ಒಂದೇ: ಉಸಿರು ಎಣಿಸೋದು. ನಾಯಿ ಗಾಢವಾಗಿ ನಿದ್ದೆ ಮಾಡ್ತಿರುವಾಗ ಎದೆ ಒಂದು ಸಲ ಏರಿ ಇಳಿದರೆ ಒಂದು. ನಿಮಿಷಕ್ಕೆ ಎಷ್ಟು? 30ರ ಒಳಗಿದ್ದರೆ ಆರಾಮ. ದಾಟಿ ಹೋಗ್ತಿದ್ದರೆ, ಅಥವಾ ಆ ನಾಯಿಯ ಮಾಮೂಲಿ ಸಂಖ್ಯೆಗಿಂತ ಏರ್ತಾನೇ ಇದ್ದರೆ, ಶ್ವಾಸಕೋಶಕ್ಕೆ ನೀರು ಬರ್ತಿದೆ ಅಂತ ಅನುಮಾನ ಪಡಬೇಕು. ಕೆಮ್ಮು, ಸುಸ್ತು ಕಾಣಿಸೋ ಮುಂಚೆಯೇ ಇದು ಹೇಳುತ್ತೆ. ಯಾವ ಸ್ಕ್ಯಾನೂ ಬೇಡ, ಯಾವ ಅಪಾಯಿಂಟ್‌ಮೆಂಟೂ ಬೇಡ, ಒಂದು ಗಡಿಯಾರ ಸಾಕು. ಕನಸಲ್ಲಿ ಕಾಲು ಒದರ್ತಿರುವಾಗ, ಸೆಖೆಗೆ ನಾಲಿಗೆ ಚಾಚಿ ತೇಕ್ತಿರುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ. ನಾನು ಎಕ್ಸೆಲ್ ಶೀಟ್ ಮಾಡಿದೆ. ಅಪ್ಪ ಅದನ್ನ ಒಂದು ಸಲವೂ ತೆರೆದು ನೋಡಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ, ಏಕಾದಶಿ ಸಂಕಷ್ಟಿ ಪಕ್ಕ, ಕೆಂಪು ಪೆನ್ನಿನಲ್ಲಿ ಬರೆಯೋಕೆ ಶುರು ಮಾಡಿದರು. 22. 24. 24. 23. ಮನೆಗೆ ಬಂದ ನೆಂಟರು ಹಾಲಿನ ಲೆಕ್ಕ ಅನ್ಕೊಂಡರು.

ಕಳೆದ ವರ್ಷ ಒಂದು ರಾತ್ರಿ ಹನ್ನೊಂದೂವರೆಗೆ ಅಪ್ಪ ನನ್ನ ರೂಮಿನ ಬಾಗಿಲು ತಟ್ಟಿದರು. "ಮೂವತ್ತೆಂಟು. ಇನ್ನೊಂದ್ಸಲ ಎಣಿಸಿದೆ, ನಲವತ್ನಾಲ್ಕು." ಬೆಣ್ಣೆ ಮಲಗಿರಲಿಲ್ಲ, ಮುಂಗಾಲು ಅಗಲಿಸಿ ಕೂತು ಕತ್ತು ಚಾಚಿದ್ದಳು. ಇಪ್ಪತ್ನಾಲ್ಕು ಗಂಟೆ ತೆರೆದಿರೋ ಆಸ್ಪತ್ರೆಗೆ ಹೋದ್ವಿ. ಆಕ್ಸಿಜನ್ ಗೂಡಿಗೆ ಹಾಕಿ, ಫ್ಯುರೋಸೆಮೈಡ್ ಇಂಜೆಕ್ಷನ್ ಕೊಟ್ಟರು. ಮೈಯ ನೀರನ್ನ ಮೂತ್ರವಾಗಿ ಹೊರಗೆ ಕಳಿಸೋ ಔಷಧ. ಆಮೇಲೆ ನಾವಿಬ್ಬರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾದಿದ್ದು ಒಂದು ನಾಯಿ ಉಚ್ಚೆ ಹೊಯ್ಯಲಿ ಅಂತ. ಎರಡು ಗಂಟೆಯಾದ ಮೇಲೆ ಹೊಯ್ದಳು. ಅಪ್ಪ ಕೈ ಮುಗಿದರು, ಯಾರಿಗೆ ಅಂತ ಗೊತ್ತಿಲ್ಲ.

ಅಲ್ಲಿಂದ ನಾವು ಸಿ ಹಂತದವರು. ಪಿಮೊಬೆಂಡನ್ ಜೊತೆಗೆ ಇನ್ನೂ ಮೂರು ಸೇರಿದವು: ಫ್ಯುರೋಸೆಮೈಡ್, ಸ್ಪೈರೊನೊಲ್ಯಾಕ್ಟೋನ್, ಎನಲಾಪ್ರಿಲ್. ಚೀಟಿ ನೋಡಿ ಅಪ್ಪ ಕನ್ನಡಕ ಹಾಕ್ಕೊಂಡು ಮತ್ತೆ ಓದಿದರು. ಮೂರೂ ಅವರ ಡಬ್ಬಿಯಲ್ಲಿರೋವೇ. ಎನಲಾಪ್ರಿಲ್ ವಂಶದ ಮೂಲ ಬ್ರೆಜಿಲ್ಲಿನ ಒಂದು ಹಾವಿನ ವಿಷದ ಸಂಶೋಧನೆಯಲ್ಲಿದೆ. ಇದು ಗೊತ್ತಾದಾಗಿನಿಂದ ಅಪ್ಪ ಅದನ್ನ "ಹಾವಿನ ಮಾತ್ರೆ" ಅಂತಾರೆ. ಮೂಲೆಯ ಮೆಡಿಕಲ್ ಸ್ಟೋರಿನಲ್ಲಿ "ಪೇಷಂಟ್ ಹೆಸರು?" ಅಂದರು. "ಬೆಣ್ಣೆ." "ಇನಿಷಿಯಲ್?" ಅಪ್ಪ ತಮ್ಮದನ್ನೇ ಕೊಟ್ಟರು. (ಹಾಗಂತ ಮನೆಯ ಹಿರಿಯರ ಮಾತ್ರೆ ಮುರಿದು ನಾಯಿಗೆ ಹಾಕಬೇಡಿ. ಹೆಸರು ಒಂದೇ, ಡೋಸು ಬೇರೆ.)

ಈಗಿನ ಕಷ್ಟ ತಕ್ಕಡಿ ಹಿಡಿಯೋದು. ಫ್ಯುರೋಸೆಮೈಡ್ ಕಡಿಮೆಯಾದರೆ ಶ್ವಾಸಕೋಶದಲ್ಲಿ ನೀರು, ಜಾಸ್ತಿಯಾದರೆ ಕಿಡ್ನಿ ಒಣಗುತ್ತೆ. ಅದಕ್ಕೇ ಆಗಾಗ ರಕ್ತ ತೆಗೆದು ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡ್ತಾರೆ. ಈ ಮಾತ್ರೆ ತಗೊಳ್ಳೋ ನಾಯಿಗೆ ಬಾಯಾರಿಕೆ ಜಾಸ್ತಿ, ಆದರೆ ನೀರಿನ ಬಟ್ಟಲು ಎತ್ತಿಡಬಾರದು. ಉಪ್ಪು ಮಾತ್ರ ನಿಲ್ಲಬೇಕು. ಊಟದ ಉಪ್ಪಿಗಿಂತ ಕಳ್ಳತನದ ಉಪ್ಪು ಅಪಾಯ: ಹಪ್ಪಳ, ಖಾರ ಮಂಡಕ್ಕಿ, ಕೋಡುಬಳೆ. ಅಪ್ಪನಿಗೂ ಇದೇ ಪಥ್ಯ ಇದ್ದಿದ್ದರಿಂದ ಇಬ್ಬರೂ ಸೇರಿ ಮುರೀತಿದ್ದರು. ಈಗ ಮನೆಗೆ ಕೋಡುಬಳೆ ಬರೋದೇ ನಿಂತಿದೆ. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಮಾತ್ರೆ ಕೊಟ್ಟ ಮೇಲೆ ಗಂಟೆಗೊಂದು ಸಲ ಕೆಳಗೆ ಹೋಗಬೇಕು. ಎಂಟು ಕೆಜಿ ಹೊತ್ತು ಮೆಟ್ಟಿಲು ಹತ್ತೋಕೆ ಅಪ್ಪನಿಗೆ ಆಗಲ್ಲ, ಹಾಗಾಗಿ ಬಾಲ್ಕನಿಯಲ್ಲಿ ಒಂದು ಟ್ರೇ ತುಂಬಾ ಗರಿಕೆ ಬೆಳೆಸಿದಾರೆ. ಗಣೇಶನ ಹಬ್ಬಕ್ಕೆ ಅದರಿಂದ ಕೊಯ್ಯೋಕೆ ಹೊರಟ ಪಕ್ಕದ ಮನೆಯವರನ್ನ ತಡೆಯೋದರಲ್ಲಿ ಸಾಕಾಯ್ತು.

ಇನ್ನು ಎಷ್ಟು ದಿನ? ನಾನು ಓದಿದೆ, ಅಪ್ಪ ಕೇಳಿಸ್ಕೊಳ್ಳಲಿಲ್ಲ. ಈ ಹಂತ ತಲುಪಿದ ನಾಯಿಗಳ ಮೇಲೆ 2008ರಲ್ಲಿ ಬಂದ ಅಧ್ಯಯನದಲ್ಲಿ, ಎನಲಾಪ್ರಿಲ್ ಬಳಗದ ಬೆನಜೆಪ್ರಿಲ್ ಪಡೆದ ಗುಂಪಿಗೆ ಮಧ್ಯಮ ಲೆಕ್ಕ 140 ದಿನ, ಪಿಮೊಬೆಂಡನ್ ಪಡೆದ ಗುಂಪಿಗೆ 267 ದಿನ. ಆ ರಾತ್ರಿಯಿಂದ ಲೆಕ್ಕ ಹಾಕಿ ಫೋನಿನಲ್ಲಿ ಗುರುತು ಹಾಕಿಟ್ಟಿದ್ದೆ. 267ನೇ ದಿನ ಒಂದು ಗುರುವಾರ. ಬೆಣ್ಣೆ ಕೊರಿಯರ್ ಹುಡುಗನಿಗೆ ಬೊಗಳಿದಳು, ಅರ್ಧ ಇಡ್ಲಿ ತಿಂದಳು, ಮಲಗಿದಳು. ಈಗ ಹನ್ನೊಂದು ತಿಂಗಳು ನಡೀತಿದೆ. ವಾಲ್ವನ್ನೇ ಆಪರೇಷನ್ ಮಾಡಿ ಸರಿಪಡಿಸೋರೂ ಇದಾರೆ. ಯೊಕೊಹಾಮಾದಲ್ಲಿ ಮಸಾಮಿ ಉಏಚಿ ಅನ್ನೋ ಶಸ್ತ್ರವೈದ್ಯರ ತಂಡ ಇದಕ್ಕೇ ಹೆಸರುವಾಸಿ. ಹನ್ನೊಂದೂವರೆ ವರ್ಷದ ನಾಯಿಯನ್ನ ವಿಜಯನಗರದಿಂದ ಯೊಕೊಹಾಮಾಗೆ ಒಯ್ಯೋ ಕನಸು ನನಗಿಲ್ಲ.

"ನಾಯಿಗೆ ಇಷ್ಟು ಖರ್ಚಾ?" ಅನ್ನೋರಿಗೆ ನನ್ನ ಹತ್ತಿರ ದೊಡ್ಡ ಉತ್ತರ ಏನಿಲ್ಲ. ನನಗೆ ಆಗುತ್ತೆ, ಮಾಡ್ತೀನಿ. ಆಗದೇ ಇರೋರು ಪಾಪಿಗಳು ಅಂತ ಬರೆಯೋ ಪ್ರಾಣಿಪ್ರಿಯರನ್ನ ಕಂಡರೆ ಮೈ ಉರಿಯುತ್ತೆ. ಈ ನಾಲ್ಕರಲ್ಲಿ ನಮಗೆ ದುಬಾರಿ ಪಿಮೊಬೆಂಡನ್ ಒಂದೇ. ಉಸಿರು ಕಟ್ಟಿದಾಗ ತಕ್ಷಣ ಬಿಡಿಸೋ ಫ್ಯುರೋಸೆಮೈಡ್ ಅಗ್ಗದ ಮಾತ್ರೆ. ಇರೋದರಲ್ಲಿ ಏನು ಮಾಡಬಹುದು ಅಂತ ಡಾಕ್ಟ್ರನ್ನ ನೇರವಾಗಿ ಕೇಳಿ. ಒಳ್ಳೆಯವರು ಮುಖ ಸಿಂಡರಿಸಲ್ಲ.

ನಮ್ಮ ಡಾಕ್ಟ್ರು ಇನ್ನೊಂದು ಮಾತನ್ನೂ ಮುಂಚೆಯೇ ಎತ್ತಿದರು. ಯಾವತ್ತು ಸಾಕು ಅಂತ ತೀರ್ಮಾನ ಮಾಡ್ತೀರಿ ಅಂತ ಈಗಲೇ ಬರೆದಿಡಿ, ಆ ರಾತ್ರಿ ಬಂದಾಗ ತಲೆ ಓಡಲ್ಲ ಅಂದರು. ಮಲಗಿ ನಿದ್ದೆ ಮಾಡೋಕೇ ಆಗದಿದ್ದರೆ, ಇಷ್ಟದ ತಿಂಡಿಗೂ ಮುಖ ತಿರುಗಿಸಿದರೆ, ತಿಂಗಳಲ್ಲಿ ಪದೇ ಪದೇ ಆಕ್ಸಿಜನ್ನಿಗೆ ಓಡೋ ಹಾಗಾದರೆ. ನಾನು ನೋಟ್ಸ್ ಆ್ಯಪಿನಲ್ಲಿ ಬರ್ಕೊಂಡೆ. ಅಪ್ಪ ಎದ್ದು ಹೊರಗೆ ಹೋದರು. ಎರಡು ತಿಂಗಳು ಆ ಮಾತಿಲ್ಲ.

ಹೋದ ಭಾನುವಾರ ಮಾತ್ರೆ ಡಬ್ಬಿಗಳನ್ನ ತುಂಬಿಸ್ತಾ ಕೂತಿದ್ದರು, ಎರಡೂ ಡಬ್ಬಿ ಪಕ್ಕಪಕ್ಕ. ತಲೆ ಎತ್ತದೇ ಕೇಳಿದರು: "ಅವತ್ತು ಡಾಕ್ಟ್ರು ಹೇಳಿದ್ದು ಬರ್ಕೊಂಡಿದೀಯಲ್ಲ?"

"ಹೂಂ."

"ಕೊನೆಗೆ ಪೈಪು ಗೀಪು ಹಾಕಿ ಎಳೆದಾಡೋದು ಬೇಡ. ಮನೇಲೇ ಇರಲಿ. ಉಸಿರಿಗೆ ತೊಂದರೆ ಆಗದ ಹಾಗೆ ನೋಡ್ಕೊಂಡ್ರೆ ಸಾಕು."

"ಆಯ್ತಪ್ಪ, ಬೆಣ್ಣೆಗೆ ಹಾಗೇ ಮಾಡೋಣ."

"ಅದರದ್ದೂ ಬರ್ಕೋ" ಅಂದರು.

ಗುರುವಾರದ ಖಾನೆ ಮುಚ್ಚಿ, ಶುಕ್ರವಾರದ್ದು ತೆರೆದರು. ನಾನು ಫೋನ್ ತೆಗೆದು ಎರಡು ಸಾಲು ಸೇರಿಸಿದೆ. ಓದಿ ತೋರಿಸು ಅಂದರು, ತೋರಿಸಿದೆ. "ಐಸಿಯು ಅಂತ ಬಿಡಿಸಿ ಬರಿ" ಅಂದರು. ಬರೆದೆ.

ಬೆಣ್ಣೆಯ ಉಸಿರು ಈಗ 26, 28ರ ಆಸುಪಾಸಿನಲ್ಲಿ ಓಡಾಡ್ತಿದೆ. ಕ್ರಿಯಾಟಿನಿನ್ ಸ್ವಲ್ಪ ಏರಿದೆ. ಮಧ್ಯಾಹ್ನ ಮೂರಕ್ಕೆ ಇನ್ನರ್ಧ ಫ್ಯುರೋಸೆಮೈಡ್ ಸೇರಿದೆ, ಆ ಪಾಳಿ ಅಪ್ಪನದು. ಸೋಮವಾರ ಅವಳಿಗೆ ರಕ್ತ ಪರೀಕ್ಷೆ, ಅದೇ ದಿನ ಅಪ್ಪನಿಗೂ. ಬೇರೆ ಬೇರೆ ಲ್ಯಾಬು, ಒಂದೇ ಆಟೋ. ಮೊದಲು ಯಾರನ್ನ ಇಳಿಸೋದು ಅಂತ ಇನ್ನೂ ತೀರ್ಮಾನ ಆಗಿಲ್ಲ.